ಹಳೆಯ ಬಂಗಲೆಯೊಳಗಿನ ಹೊಸ ಫ್ಲ್ಯಾಟು: ತೇವ, ಸೋರಿಕೆ, ಬಿರುಕುಗಳ ಮೂಲ ಹುಡುಕುವ ಬಗೆ

ಬೆಂಗಳೂರಿನ ದಂಡುಪ್ರದೇಶದ ಹಳೆಯ ಬಂಗಲೆಯೊಂದನ್ನು ಕೆಡವದೆ ಉಳಿಸಿಕೊಂಡು, ಒಳಭಾಗವನ್ನು ನವೀಕರಿಸಿ, ನಾಲ್ಕೋ ಆರೋ ಐಷಾರಾಮಿ ಫ್ಲ್ಯಾಟುಗಳಾಗಿ ವಿಂಗಡಿಸಿದಾಗ, ಅಲ್ಲಿಗೆ ವಾಸಕ್ಕೆ ಬರುವವರ ಕಣ್ಣಿಗೆ ಮೊದಲು ಬೀಳುವುದು ಎತ್ತರದ ಸೂರು, ತೇಗದ ತೊಲೆಗಳು, ಕಿಟಕಿಗಳ ಮೇಲೆ ಮುಂಚಾಚಿದ ಮಂಕಿ ಟಾಪ್ ಎಂಬ ಮರದ ಮಾಡು ಮತ್ತು ಹೊಳೆಯುವ ಹೊಸ ಅಡುಗೆಮನೆ. ಎರಡನೆಯ ಮಳೆಗಾಲದ ಹೊತ್ತಿಗೆ ಗೋಡೆಯ ಬುಡದಲ್ಲಿ ಉಬ್ಬಿದ ಬಣ್ಣವೂ ಸೂರಿನಲ್ಲೊಂದು ಕಂದು ಕಲೆಯೂ ಕಾಣಿಸಿಕೊಳ್ಳುತ್ತವೆ. ಅಂಥದೊಂದು ಬಂಗಲೆಯ ನೆಲಮಹಡಿಯಲ್ಲಿ ನಾನು ಒಂಬತ್ತು ಮಳೆಗಾಲ ಕಳೆದಿದ್ದೇನೆ. ಅಲ್ಲಿನ ನಿವಾಸಿಗಳ ಸಂಘದ ಪರವಾಗಿ ದುರಸ್ತಿಯ ಲೆಕ್ಕಪುಸ್ತಕವನ್ನೂ ನಾನೇ ಬರೆಯುತ್ತ ಬಂದಿದ್ದೇನೆ. ಆ ಪುಸ್ತಕವನ್ನು ತಿರುವಿ ಹಾಕಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಹಳೆಯದು ತಾನಾಗಿ ಕೆಟ್ಟದ್ದು ಕಡಿಮೆ. ಹಳೆಯದರ ಮೇಲೆ ಹೊಸದನ್ನು ಅಂಟಿಸಿದ ಜಾಗದಲ್ಲಿಯೇ ಹೆಚ್ಚಿನ ದೋಷಗಳು ಹುಟ್ಟಿವೆ. ಆದ್ದರಿಂದ ಯಾವ ಲಕ್ಷಣ ಕಂಡರೂ ಬಣ್ಣದವರನ್ನು ಕರೆಯುವ ಮೊದಲು, ಅಲ್ಲಿ ಹೊಸದಾಗಿ ಏನು ಸೇರಿಸಿದ್ದಾರೆ ಎಂಬುದನ್ನು ನೋಡಬೇಕು.

ಪರೀಕ್ಷೆಗೆ ಬೇಕಾಗುವುದು ಒಂದು ಟಾರ್ಚು, ಒಂದು ಪೆನ್ಸಿಲು, ಒಂದು ನೋಟುಪುಸ್ತಕ. ಕಲೆಯ ಅಂಚಿನ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು ಪಕ್ಕದಲ್ಲಿ ದಿನಾಂಕ ಬರೆಯಿರಿ. ಕಲೆ ಬೆಳೆದದ್ದು ಮಳೆ ಬಂದಾಗಲೋ, ಮೇಲಿನವರು ನೀರು ಬಳಸಿದಾಗಲೋ, ಎಸಿ ಓಡಿದಾಗಲೋ ಎಂಬುದನ್ನು ಒಂದು ವಾರ ಗಮನಿಸಿ ಬರೆದಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಗೋಡೆಯ ಬುಡದಲ್ಲಿ ಬಣ್ಣ ಉಬ್ಬಿದೆ, ಬಿಳಿ ಪುಡಿ ಉದುರುತ್ತಿದೆ

ಈ ಬಂಗಲೆಗಳ ಗೋಡೆಗಳು ಇಟ್ಟಿಗೆಯನ್ನು ಸುಣ್ಣದ ಗಾರೆಯಲ್ಲಿ, ಕೆಲವು ಕಡೆ ಬರೀ ಮಣ್ಣಿನಲ್ಲಿ ಕೂರಿಸಿ ಕಟ್ಟಿದವು. ದಪ್ಪ ಒಂದೂವರೆ ಅಡಿಯವರೆಗೂ ಇರುತ್ತದೆ. ನೆಲದ ತೇವವನ್ನು ತಡೆಯುವ ಪದರ ಬುಡದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ತೇವ ಸ್ವಲ್ಪ ಮೇಲೇರುತ್ತದೆ, ಸುಣ್ಣದ ಗಿಲಾವಿನ ಮೂಲಕ ಗಾಳಿಗೆ ಆರಿಹೋಗುತ್ತದೆ; ಆ ಗೋಡೆ ನೂರು ವರ್ಷ ನಿಂತಿರುವುದೇ ಹಾಗೆ. ನವೀಕರಣದಲ್ಲಿ ಅದರ ಮೇಲೆ ಸಿಮೆಂಟಿನ ಗಿಲಾವು, ಪುಟ್ಟಿ, ಪ್ಲಾಸ್ಟಿಕ್ ಬಣ್ಣ ಬಳಿದಾಗ ಆರುವ ದಾರಿ ಮುಚ್ಚುತ್ತದೆ. ರೆಡ್ ಆಕ್ಸೈಡ್ ನೆಲದ ಮೇಲೆ ವಿಟ್ರಿಫೈಡ್ ಟೈಲ್ಸ್ ಹಾಸಿದ್ದರೆ ನೆಲದಡಿಯ ತೇವವೂ ಗೋಡೆಯ ಕಡೆಗೇ ತಿರುಗುತ್ತದೆ.

ಮೊದಲು ಎತ್ತರ ನೋಡಿ. ತೇವ ನೆಲದಿಂದ ಮೂರು ಅಡಿಯ ಆಸುಪಾಸಿನವರೆಗೆ, ಗೋಡೆಯುದ್ದಕ್ಕೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಇದ್ದರೆ ಅದು ನೆಲದಿಂದ ಏರಿದ ತೇವ. ಒಂದೇ ಕಡೆ ಗುಂಡಗೆ ಹರಡಿದ್ದರೆ ಆ ಗೋಡೆಯೊಳಗಿನ ಅಥವಾ ಆಚೆ ಬದಿಯ ಪೈಪನ್ನು ಅನುಮಾನಿಸಬೇಕು. ಕಿಟಕಿಯ ಮೂಲೆಯಿಂದ ಕೆಳಗಿಳಿದಿದ್ದರೆ ಮಳೆನೀರು ಚೌಕಟ್ಟಿನ ಸಂದಿಯಿಂದ ಒಳಬಂದಿದೆ.

ನಂತರ ಹೊರಗೆ ಹೋಗಿ ಅದೇ ಗೋಡೆಯ ಆಚೆ ಬದಿಯನ್ನು ನೋಡಿ. ಇದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ, ಆದರೂ ಹೆಚ್ಚಿನವರು ಇದನ್ನು ಮಾಡುವುದಿಲ್ಲ. ಮಳೆನೀರಿನ ಪೈಪು ಬುಡದಲ್ಲಿ ಒಡೆದಿದೆಯೇ, ಹೂವಿನ ಪಾತಿಯನ್ನು ಗೋಡೆಗೆ ತಾಗಿಸಿ ಮಾಡಿದ್ದಾರೆಯೇ, ಕಾರು ನಿಲ್ಲಿಸಲು ಅಂಗಳಕ್ಕೆ ಹಾಸುಗಲ್ಲು ಹಾಕುವಾಗ ನೆಲದ ಮಟ್ಟ ಏರಿದೆಯೇ ಎಂದು ಪರೀಕ್ಷಿಸಿ. ನಮ್ಮ ಕಟ್ಟಡದಲ್ಲಿ ಸೈಜುಗಲ್ಲಿನ ತಳಪಾಯದ ಮೇಲಂಚು ಹೊಸ ಹಾಸಿನಿಂದ ನಾಲ್ಕು ಅಂಗುಲ ಕೆಳಗೆ ಹೂತುಹೋಗಿತ್ತು. ಅಂಗಳದ ನೀರೆಲ್ಲ ನೇರವಾಗಿ ಇಟ್ಟಿಗೆಗೆ ತಾಗುತ್ತಿತ್ತು. ಗೋಡೆಗೆ ಹೊಂದಿಕೊಂಡು ಎರಡು ಅಡಿ ಅಗಲಕ್ಕೆ ಹಾಸು ಕಿತ್ತು, ಕಲ್ಲು ಕಾಣುವಷ್ಟು ಆಳಕ್ಕೆ ಮಣ್ಣು ತೆಗೆದು, ನೀರು ಹರಿದುಹೋಗುವ ಇಳಿಜಾರು ಕೊಟ್ಟು ಜಲ್ಲಿ ತುಂಬಿಸಿದ ಮೇಲೆ, ಒಳಗೆ ಬೇರೇನೂ ಮಾಡದಿದ್ದರೂ ಮುಂದಿನ ಮಳೆಗಾಲದಲ್ಲಿ ತೇವದ ಗೆರೆ ಒಂದಡಿಗೂ ಹೆಚ್ಚು ಇಳಿಯಿತು.

ಮೂರನೆಯದು ಅಲ್ಯೂಮಿನಿಯಂ ಹಾಳೆಯ ಪರೀಕ್ಷೆ. ಅಡುಗೆಮನೆಯ ಹಾಳೆಯನ್ನೇ ಅಂಗೈಯಗಲ ಕತ್ತರಿಸಿ, ಗೋಡೆಯ ಮೇಲ್ಮೈಯನ್ನು ಒಣಬಟ್ಟೆಯಿಂದ ಒರೆಸಿ, ನಾಲ್ಕೂ ಅಂಚಿಗೆ ಟೇಪು ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಹೊರಮೈಯಲ್ಲಿ ನೀರಹನಿ ಕಟ್ಟಿದ್ದರೆ ಅದು ಕೋಣೆಯ ಗಾಳಿಯಿಂದ ಬಂದದ್ದು. ಕಿಟಕಿ ತೆರೆದಿಡುವುದು, ಬಟ್ಟೆಯನ್ನು ಹೊರಗೆ ಒಣಹಾಕುವುದು, ಬೀರುವನ್ನು ಗೋಡೆಯಿಂದ ಸ್ವಲ್ಪ ಸರಿಸುವುದು ಸಾಕಾಗಬಹುದು. ಹಾಳೆಯ ಹಿಂಬದಿ ಒದ್ದೆಯಾಗಿದ್ದರೆ ತೇವ ಗೋಡೆಯೊಳಗಿನದು.

ಬಿಳಿ ಪುಡಿಯನ್ನು ಬೂಷ್ಟೆಂದು ತಿಳಿದು ನೀರಿನಿಂದ ತೊಳೆಯಬೇಡಿ. ನೀರು ಆವಿಯಾಗಿ ಹೋದ ಜಾಗದಲ್ಲಿ ಉಳಿಯುವ ಉಪ್ಪು ಅದು. ತೊಳೆದರೆ ಕರಗಿ ಮತ್ತೆ ಗೋಡೆಯೊಳಗೆ ಹೋಗುತ್ತದೆ. ಒಣ ಬ್ರಶ್ಶಿನಿಂದ ಉದುರಿಸಿ, ಕೆಳಗೆ ಕಾಗದ ಹಾಸಿ ಹಿಡಿದು ಹೊರಗೆ ಹಾಕಿ.

ಗಿಲಾವು ಯಾವುದೆಂದು ತಿಳಿಯಲು ಮೂಲೆಯಲ್ಲಿ ಸ್ಕ್ರೂಡ್ರೈವರಿನಿಂದ ಕೆರೆದು ನೋಡಿ. ಸಿಮೆಂಟು ಬೂದುಬಣ್ಣಕ್ಕಿದ್ದು ಸುಲಭಕ್ಕೆ ಕೆರೆಯಲು ಬರುವುದಿಲ್ಲ. ಸುಣ್ಣದ ಗಾರೆ ಕೆನೆಬಣ್ಣಕ್ಕೋ, ಸುರ್ಕಿ (ಇಟ್ಟಿಗೆಪುಡಿ) ಸೇರಿಸಿದ್ದರೆ ನಸುಗೆಂಪಿಗೋ ಇದ್ದು ಪುಡಿಯಾಗಿ ಬರುತ್ತದೆ. ಬೆರಳ ಗೆಣ್ಣಿನಿಂದ ಬಡಿದಾಗ ಟೊಳ್ಳು ಸದ್ದು ಬಂದರೆ ಸಿಮೆಂಟಿನ ಪದರ ಇಟ್ಟಿಗೆಯನ್ನು ಬಿಟ್ಟಿದೆ.

ನಮ್ಮ ಊಟದ ಕೋಣೆಯ ಗೋಡೆಗೆ ನವೀಕರಣ ಮಾಡಿದವರು ಮೂರು ವರ್ಷಗಳಲ್ಲಿ ಮೂರು ಬಾರಿ ಜಲನಿರೋಧಕ ಬಣ್ಣ ಬಳಿದರು. ನಾಲ್ಕನೆಯ ವರ್ಷ ಮೇಸ್ತ್ರಿ ಒಂದು ಉಬ್ಬನ್ನು ಉಳಿಯಿಂದ ಎಬ್ಬಿಸಿದಾಗ, ಮೂರು ಬಣ್ಣಗಳ ಪದರ ಚಪಾತಿಯಂತೆ ಒಟ್ಟಿಗೇ ಕಳಚಿ ಅವರ ಅಂಗೈಗೆ ಬಂತು. ಅದರ ಒಳಮೈ ತಣ್ಣಗೆ, ಒದ್ದೆಯಾಗಿತ್ತು. ಹಿಂದಿದ್ದ ಇಟ್ಟಿಗೆಯನ್ನು ಅವರು ಹೆಬ್ಬೆರಳಿನಿಂದ ಒತ್ತಿದರು. ನೆನೆದ ಬಿಸ್ಕತ್ತಿನಂತೆ ಅದು ಒಳಗೆ ಕುಸಿಯಿತು. "ಸಾರ್, ಬಣ್ಣ ಹೊಡೆಯದೇ ಬಿಟ್ಟಿದ್ರೆ ಇಟ್ಟಿಗೆ ಉಳೀತಿತ್ತು" ಎಂದರು. ಅವರ ಮಾತು ಸರಿ. ತೇವ ಇರುವ ಹಳೆಯ ಗೋಡೆಗೆ ಜಲನಿರೋಧಕ ಬಣ್ಣ ಬಳಿಯುವುದು ವ್ಯರ್ಥ ಮಾತ್ರವಲ್ಲ, ಹಾನಿ ಕೂಡ.

ಸರಿಯಾದ ದುರಸ್ತಿಗೆ ಮೊದಲು ನೀರಿನ ಮೂಲ ನಿಲ್ಲಬೇಕು; ನಂತರ ತೇವದ ಗೆರೆಗಿಂತ ಒಂದಡಿ ಮೇಲಿನವರೆಗೆ ಸಿಮೆಂಟನ್ನು ತೆಗೆದು ಗೋಡೆಯನ್ನು ಆರಲು ಬಿಡಬೇಕು. ಗೋಡೆ ತಿಂಗಳಿಗೆ ಸುಮಾರು 25 ಮಿಲಿಮೀಟರ್ ದಪ್ಪದಷ್ಟು ಆರುತ್ತದೆಂಬ ಅಂದಾಜು ಲೆಕ್ಕವಿದೆ. ಹಾಗಾಗಿ ಒಂದೂವರೆ ಅಡಿಯ ಗೋಡೆ ಎರಡೂ ಬದಿಯಿಂದ ಆರಿದರೂ ಒಂಬತ್ತು ತಿಂಗಳು ಬೇಕಾದೀತು. ಹತ್ತು ದಿನದಲ್ಲಿ ಮುಗಿಸಿಕೊಡುತ್ತೇವೆ ಎನ್ನುವವರಿಗೆ ಕೆಲಸ ಕೊಡಬೇಡಿ. ಕೊನೆಯಲ್ಲಿ ಸುಣ್ಣ, ಮರಳು, ಸುರ್ಕಿಯ ಗಿಲಾವು ಹಾಕಿಸಿ, ಮೇಲೆ ಸುಣ್ಣವನ್ನೇ ಬಳಿಸಬೇಕು. ಕೆಲವು ಮೇಸ್ತ್ರಿಗಳು ಇಂದಿಗೂ ಗಾರೆಗೆ ಬೆಲ್ಲದ ನೀರು ಮತ್ತು ಅಳಲೆಕಾಯಿಯ ಕಷಾಯ ಸೇರಿಸುತ್ತಾರೆ. ಅಂಥವರು ಸಿಕ್ಕಿದರೆ ಅವರ ದಿನಗೂಲಿಯ ಬಗ್ಗೆ ಚೌಕಾಸಿ ಮಾಡಬೇಡಿ.

ಸೂರಿನಲ್ಲಿ ಕಂದು ಕಲೆ, ಅಥವಾ ಹನಿ

ಹಳೆಯ ಬಂಗಲೆಯ ಸೂರು ಬಹುತೇಕ ಮದರಾಸು ತಾರಸಿ. ತೇಗದ ತೊಲೆಗಳ ಮೇಲೆ ಜಂತೆಗಳು, ಜಂತೆಗಳ ಮೇಲೆ ತೆಳುವಾದ ಪುಟ್ಟ ಇಟ್ಟಿಗೆಗಳನ್ನು ಅಂಚು ಮೇಲಾಗಿ ಓರೆಯಾಗಿ ಜೋಡಿಸಿದ ಪದರ, ಅದರ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ಮೂರು ನಾಲ್ಕು ಅಂಗುಲದ ಗಾರೆ, ಎಲ್ಲಕ್ಕಿಂತ ಮೇಲೆ ಚಪ್ಪಟೆ ಬಿಲ್ಲೆಗಳು. ಇದರಲ್ಲಿ ಕಬ್ಬಿಣದ ಸರಳೂ ಇಲ್ಲ, ಸಿಮೆಂಟೂ ಇಲ್ಲ. ನೀರು ಒಂದು ಕಡೆ ಇಳಿದು, ಜಂತೆಯ ಗುಂಟ ಹರಿದು, ಹತ್ತು ಅಡಿ ಆಚೆ ತೊಟ್ಟಿಕ್ಕಬಹುದು. ಆದ್ದರಿಂದ ಕಲೆಯ ನೇರ ಮೇಲ್ಗಡೆ ಮಾತ್ರ ಹುಡುಕಿ ನಿಲ್ಲಿಸಬಾರದು, ತಾರಸಿಯ ಇಳಿಜಾರಿನ ಎತ್ತರದ ಕಡೆಗೂ ನೋಡಬೇಕು.

ಅಗ್ಗದ ಪರೀಕ್ಷೆಯಿಂದ ಆರಂಭಿಸೋಣ. ಕಲೆ ಬೇಸಿಗೆಯಲ್ಲಿ ಬೆಳೆದಿದ್ದರೆ ಎಸಿಯನ್ನು ಎರಡು ದಿನ ನಿಲ್ಲಿಸಿ ನೋಡಿ. ಅದರ ನೀರು ಹೊರಹೋಗುವ ಕೊಳವೆಯನ್ನು ಫಾಲ್ಸ್ ಸೀಲಿಂಗಿನೊಳಗೆ ಇಳಿಜಾರಿಲ್ಲದೆ ಎಳೆದಿರುವುದು ಇಂಥ ನವೀಕರಣಗಳಲ್ಲಿ ಸಾಮಾನ್ಯ, ಮತ್ತು ಇದರ ದುರಸ್ತಿ ಒಂದು ಗಂಟೆಯ ಕೆಲಸ. ಎಸಿ ಕಾರಣವಲ್ಲವೆಂದಾದರೆ ಮೇಲಿನ ಮನೆಯವರಲ್ಲಿ ವಿನಂತಿಸಿ, ಆ ಭಾಗದ ಸ್ನಾನದ ಮನೆಯನ್ನು ಎರಡು ದಿನ ಬಳಸದೆ ಬಿಡಿಸಿ. ಇದನ್ನು ದೂರಿನಂತೆ ಹೇಳಬಾರದು. ನಮ್ಮ ಮೇಲಿನ ಮನೆಯ ಹಿರಿಯರ ಬಳಿ ನಾನು, "ಅಮ್ಮಾ, ಎಲ್ಲಿಂದ ಅಂತ ಗೊತ್ತಾಗೋವರೆಗೆ ಎರಡು ದಿನ ಇನ್ನೊಂದು ಬಚ್ಚಲು ಬಳಸ್ತೀರಾ?" ಎಂದು ಕೇಳಿದಾಗ ಅವರು ನಾಲ್ಕು ದಿನ ಬಿಟ್ಟುಕೊಟ್ಟರು. ಹನಿ ನಿಂತರೆ ಮುಂದಿನ ಹೆಜ್ಜೆಯಾಗಿ ಅಡುಗೆ ಬಣ್ಣ ಕಲಸಿದ ಒಂದು ಬಕೆಟ್ ನೀರನ್ನು ಮೊದಲು ನಹಾನಿ ಟ್ರ್ಯಾಪಿಗೆ (ಬಚ್ಚಲ ನೆಲದಲ್ಲಿ ನೀರು ಹೊರಹೋಗುವ ಬಾಯಿಗೆ) ಮಾತ್ರ ಸುರಿಸಿ. ಮಾರನೆಯ ದಿನ ಬೇರೆ ಬಣ್ಣದ ನೀರನ್ನು ನೆಲದ ಟೈಲ್ಸ್ ಮೇಲೆ ಹರಿಸಿ. ಯಾವ ಬಣ್ಣ ಕೆಳಗೆ ಕಾಣುತ್ತದೆಯೋ ಅದರಂತೆ ದೋಷ ಟ್ರ್ಯಾಪಿನ ಸಂದಿನದೋ ಟೈಲ್ಸ್ ಸಂದಿನದೋ ತಿಳಿಯುತ್ತದೆ.

ಹನಿ ಹಗಲು ರಾತ್ರಿ ಒಂದೇ ಸಮನೆ ಬೀಳುತ್ತಿದ್ದರೆ ಅದು ಸದಾ ನೀರಿನ ಒತ್ತಡವಿರುವ ಪೈಪು. ರಾತ್ರಿ ಮೋಟಾರು ನಿಲ್ಲಿಸಿ, ಎಲ್ಲ ನಲ್ಲಿ ಮುಚ್ಚಿ, ತಾರಸಿಯ ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ ಬೆಳಿಗ್ಗೆ ನೋಡಿ. ಮಟ್ಟ ಇಳಿದಿದ್ದರೆ, ಆ ಭಾಗದ ವಾಲ್ವನ್ನು ಮುಚ್ಚಿ ಮರುದಿನ ಮತ್ತೆ ನೋಡಿ. ಆಗ ಇಳಿಯದಿದ್ದರೆ ದೋಷ ಆ ಭಾಗದ ಪೈಪಿನದು.

ಮಳೆಯ ನಂತರ ಮಾತ್ರ ಕಲೆ ಬೆಳೆಯುತ್ತಿದ್ದರೆ ತಾರಸಿಗೆ ಹೋಗಬೇಕು. ಮಳೆಮರದ ಎಲೆ ನೀರಿನ ಕಿಂಡಿಯನ್ನು ಮುಚ್ಚಿದೆಯೇ, ಕೈಪಿಡಿಗೋಡೆಯ ಸಂದಿಯಲ್ಲಿ ಅರಳಿಗಿಡ ಬೇರು ಬಿಟ್ಟಿದೆಯೇ, ಸೋಲಾರ್ ಹೀಟರ್ ಕೂರಿಸಲು ಬಿಲ್ಲೆಗೆ ಬೋಲ್ಟು ಹೊಡೆದಿದ್ದಾರೆಯೇ ನೋಡಿ. ಮೂರನೆಯದು ನಮ್ಮಲ್ಲಿ ಸಿಕ್ಕಿತ್ತು. ಬೆಂಗಳೂರಿನಲ್ಲಿ ಸೆಪ್ಟೆಂಬರ್‌, ಅಕ್ಟೋಬರ್‌ ತಿಂಗಳುಗಳಲ್ಲಿ ಜೋರು ಮಳೆಯಾಗುವುದರಿಂದ ಈ ಪರಿಶೀಲನೆಯನ್ನು ಮೇ ತಿಂಗಳಿಗೊಮ್ಮೆ, ಆಗಸ್ಟ್ ಕೊನೆಗೊಮ್ಮೆ ಮಾಡುವುದು ಒಳ್ಳೆಯದು. ಮಂಗಳೂರು ಹೆಂಚಿನ ಮಾಡಿರುವ ಭಾಗದಲ್ಲಿ ಸರಿದ ಹೆಂಚನ್ನು ಹುಡುಕುವುದು ಸುಲಭ: ಹಗಲಲ್ಲಿ ದೀಪ ಆರಿಸಿ ಒಳಗಿನಿಂದ ಮೇಲೆ ನೋಡಿದರೆ ಬೆಳಕಿನ ಕಿಂಡಿ ಕಾಣುತ್ತದೆ. ಹೆಂಚಿನ ಮೇಲೆ ನೀವು ಹತ್ತಬೇಡಿ. ಅದು ರೂಢಿಯಿರುವವರ ಕೆಲಸ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಹಲವು ಕಾರ್ಖಾನೆಗಳು ಹುಟ್ಟಿಕೊಂಡವು. ಒಂದರ ಹೆಂಚು ಇನ್ನೊಂದರ ತೋಡಿಗೆ ಸರಿಯಾಗಿ ಕೂರದಿರಬಹುದು. ಬದಲಿ ಹೆಂಚು ತರುವಾಗ ಹಳೆಯದೊಂದನ್ನು ಕೈಯಲ್ಲೇ ಒಯ್ದು ಜೋಡಿಸಿ ನೋಡಿ.

ಇಲ್ಲಿ ಒಂದು ಗಂಭೀರ ಎಚ್ಚರಿಕೆ ಹೇಳಬೇಕು. ಆರ್‌ಸಿಸಿ ಮನೆಗಳಲ್ಲಿ ಮಾಡುವಂತೆ ತಾರಸಿಯಲ್ಲಿ ನೀರು ಕಟ್ಟಿ 24 ಗಂಟೆ ನಿಲ್ಲಿಸುವ ಪರೀಕ್ಷೆಯನ್ನು ಮದರಾಸು ತಾರಸಿಯ ಮೇಲೆ ಮಾಡಲೇಬಾರದು. ಐದು ಸೆಂಟಿಮೀಟರ್ ನೀರು ನಿಂತರೆ ಪ್ರತಿ ಚದರ ಮೀಟರಿಗೆ 50 ಕಿಲೋ ಭಾರ ಸೇರುತ್ತದೆ, ಮತ್ತು ನೀರು ಕುಡಿದ ಗಾರೆ ಇನ್ನಷ್ಟು ತೂಗುತ್ತದೆ. ಅದರ ಬದಲು ಒಂದೊಂದು ಚದರ ಮೀಟರಿಗೆ ಬಕೆಟ್ಟಿನಿಂದ ನೀರು ಸುರಿದು, ಕೆಳಗೊಬ್ಬರನ್ನು ನಿಲ್ಲಿಸಿ, ಅರ್ಧ ಗಂಟೆ ಕಾದು ಮುಂದಿನ ಭಾಗಕ್ಕೆ ಹೋಗಿ.

ಜಂತೆ ನಡುವೆ ಬಾಗಿದ್ದರೆ, ಓರೆಯಿಟ್ಟಿಗೆ ಒಂದಾದರೂ ಕೆಳಗೆ ಬಿದ್ದಿದ್ದರೆ, ಗೋಡೆಯೊಳಗೆ ಹೊಕ್ಕಿರುವ ತೊಲೆಯ ತುದಿ ಕಪ್ಪಾಗಿದ್ದರೆ, ಅಥವಾ ಫಾಲ್ಸ್ ಸೀಲಿಂಗ್ ನೀರು ತುಂಬಿ ಜೋತಿದ್ದರೆ, ಆ ಕೋಣೆಯನ್ನು ಖಾಲಿ ಮಾಡಿ, ಅಲ್ಲಿನ ವಿದ್ಯುತ್ ತೆಗೆಸಿ, ಬಾಗಿಲು ಹಾಕಿ. ಅಲ್ಲಿಂದ ಮುಂದಿನದು ಹಳೆಯ ಕಟ್ಟಡಗಳನ್ನು ಬಲ್ಲ ಸ್ಟ್ರಕ್ಚರಲ್ ಎಂಜಿನಿಯರರ ಕೆಲಸ. ಮರದ ತಾರಸಿಯ ಮೇಲೆ ಹೊಸದಾಗಿ ಸ್ನಾನದ ಮನೆ ಕಟ್ಟಿರುವ ಫ್ಲ್ಯಾಟುಗಳಲ್ಲಿ ಇದನ್ನು ಒಂದು ದಿನವೂ ಮುಂದೂಡಬಾರದು.

ಮಳೆ ಬಂದರೆ ಆರ್‌ಸಿಸಿಬಿ ಟ್ರಿಪ್ ಆಗುತ್ತದೆ, ಗೋಡೆ ಮುಟ್ಟಿದರೆ ಜುಮ್ಮೆನ್ನುತ್ತದೆ

ಆರ್‌ಸಿಸಿಬಿ ಎಂದರೆ ವಿದ್ಯುತ್ ಸೋರಿದಾಗ ತಾನಾಗಿ ಬಿದ್ದು ಸಂಪರ್ಕ ಕಡಿಯುವ ಸ್ವಿಚ್. ಎರಡನೆಯ ಲಕ್ಷಣ, ಅಂದರೆ ಗೋಡೆ ಜುಮ್ಮೆನ್ನುವುದು, ಕಂಡರೆ ಪರೀಕ್ಷೆ ಮಾಡುತ್ತ ಕೂರಬಾರದು. ಕಾಲಿಗೆ ಒಣ ಚಪ್ಪಲಿ ಹಾಕಿಕೊಂಡು ಮೇನ್ ಸ್ವಿಚ್ ಆರಿಸಿ, ಮಕ್ಕಳನ್ನು ಆ ಗೋಡೆಯಿಂದ ದೂರವಿಟ್ಟು, ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರನ್ನು ಕರೆಯಿರಿ. ಮೇನ್ ಬೋರ್ಡೇ ಒದ್ದೆಯಾಗಿದ್ದರೆ ಅದನ್ನೂ ಮುಟ್ಟದೆ ಬೆಸ್ಕಾಂಗೆ ತಿಳಿಸಿ ಸಂಪರ್ಕ ತೆಗೆಸಿ.

ಬರೀ ಟ್ರಿಪ್ ಆಗುತ್ತಿದ್ದರೆ, ಎಲ್ಲ ಉಪಕರಣಗಳ ಪ್ಲಗ್ ಕಿತ್ತು, ಎಲ್ಲ ಎಂಸಿಬಿ (ಒಂದೊಂದು ಸರ್ಕ್ಯೂಟಿನ ಸ್ವಿಚ್) ಇಳಿಸಿ, ಆರ್‌ಸಿಸಿಬಿಯನ್ನು ಎತ್ತಿ, ಒಂದೊಂದೇ ಎಂಸಿಬಿಯನ್ನು ಏರಿಸುತ್ತ ಬನ್ನಿ. ಪ್ಲಗ್ ಕಿತ್ತಿದ್ದರೂ ಯಾವುದನ್ನು ಏರಿಸಿದಾಗ ಬೀಳುತ್ತದೆಯೋ ಆ ಸರ್ಕ್ಯೂಟಿನ ತಂತಿಯಲ್ಲಿ ದೋಷವಿದೆ. ಯಾವುದೂ ಬೀಳದೆ, ಗೀಸರಿನ ಪ್ಲಗ್ ಹಾಕಿದಾಗ ಬಿದ್ದರೆ ದೋಷ ಗೀಸರಿನದು. ಮನೆಯ ಆರ್‌ಸಿಸಿಬಿ ಸಾಮಾನ್ಯವಾಗಿ 30 ಮಿಲಿಆಂಪಿಯರ್ ಸೋರಿಕೆಗೆ ಬೀಳುವಂಥದು; ಮನುಷ್ಯನ ಪ್ರಾಣ ಉಳಿಸುವ ಮಿತಿ ಅದು. ಪದೇ ಪದೇ ಬೀಳುತ್ತದೆಂದು ಅದನ್ನು ತೆಗೆಸಿ ನೇರ ಸಂಪರ್ಕ ಕೊಡಿಸುವವರಿದ್ದಾರೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ಬೆಂಗಳೂರಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಅದಕ್ಕೂ ಹಿಂದೆ ಕಟ್ಟಿದ ಬಂಗಲೆಗಳಿಗೆ ತಂತಿ ಬಂದದ್ದು ಆಮೇಲೆ, ಬೇರೆ ಬೇರೆ ಕಾಲಗಳಲ್ಲಿ. ಹೊಸ ಸ್ವಿಚ್ ಬೋರ್ಡಿನ ಹಿಂದೆ ಮರದ ಪಟ್ಟಿಯ ಕಾಲದ ತಂತಿ ಇನ್ನೂ ಜೀವಂತವಾಗಿ ಉಳಿದಿರಬಹುದು. ಎಲೆಕ್ಟ್ರಿಷಿಯನ್ ಮೆಗ್ಗರ್ ಎಂಬ ಮಾಪಕ ಇಟ್ಟು ಪ್ರತಿ ಸರ್ಕ್ಯೂಟಿನ ಇನ್ಸುಲೇಷನ್ (ತಂತಿಯ ನಿರೋಧಕ ಹೊದಿಕೆ) ಅಳೆಯುವಂತೆ ಕೇಳಿ. ಅಳತೆ ಒಂದು ಮೆಗಾಓಮ್‌ಗಿಂತ ಕಡಿಮೆ ಬಂದ ತಂತಿಯನ್ನು ಬದಲಿಸಲೇಬೇಕು. ತೇವವಿರುವ ಗೋಡೆಯ ಪ್ಲಗ್ ಪಾಯಿಂಟನ್ನು ಗೋಡೆ ಆರುವವರೆಗೆ ಬಳಸಬೇಡಿ.

ಬಾಗಿಲು ಹಾಕಲು ಆಗುತ್ತಿಲ್ಲ, ಗೋಡೆಯಲ್ಲಿ ಬಿರುಕು

ಮಳೆಗಾಲದಲ್ಲಿ ಬಿಗಿಯಾಗಿ ಫೆಬ್ರವರಿಯಲ್ಲಿ ಸಲೀಸಾಗುವ ಬಾಗಿಲಿಗೆ ಮರ ಉಬ್ಬುವುದಷ್ಟೇ ಕಾರಣ. ಅಂಚಿಗೆ ಮೇಣ ತಿಕ್ಕಿ ಬಿಡಿ, ಮಳೆಗಾಲದಲ್ಲಿ ಹತ್ತರಿ ಹೊಡೆಸಬೇಡಿ. ಬೇಸಿಗೆಯಲ್ಲೂ ಸಿಕ್ಕಿಹಾಕಿಕೊಳ್ಳುವ, ಮೇಲಿನ ಸಂದು ಒಂದು ಕಡೆ ಅಗಲವಾಗಿ ಇನ್ನೊಂದು ಕಡೆ ಕಿರಿದಾಗಿರುವ ಬಾಗಿಲು ಗೋಡೆ ಅಲುಗಿದೆ ಎಂದು ಹೇಳುತ್ತಿದೆ.

ಹೊಸ ಬ್ಲಾಕಿನ ಅಡ್ಡಗೋಡೆ ಹಳೆಯ ಗೋಡೆಗೆ ಸೇರುವಲ್ಲಿ ಕಾಣುವ ನೆಟ್ಟನೆಯ ಕೂದಲೆಳೆ ಬಿರುಕಿಗೆ ಹೆದರಬೇಕಿಲ್ಲ. ಎರಡು ಬೇರೆ ವಸ್ತುಗಳು ಬೇರೆ ರೀತಿಯಲ್ಲಿ ಹಿಗ್ಗಿ ಕುಗ್ಗುತ್ತವೆ. ಬಾಗಿಲು ಕಿಟಕಿಯ ಮೂಲೆಯಿಂದ ಓರೆಯಾಗಿ ಏರುವ, ಇಟ್ಟಿಗೆಯ ಸಂದುಗಳನ್ನು ಹಿಡಿದು ಮೆಟ್ಟಿಲಿನಂತೆ ಸಾಗುವ ಬಿರುಕು ಬೇರೆ ಬಗೆಯದು. ಈ ಬಂಗಲೆಗಳಲ್ಲಿ ಕಂಬಗಳಿಲ್ಲ, ಗೋಡೆಗಳೇ ಭಾರ ಹೊರುತ್ತವೆ. ತೆರೆದ ಅಡುಗೆಮನೆಗಾಗಿ ಯಾರಾದರೂ ಗೋಡೆ ಒಡೆದಿದ್ದರೆ, ಅದರ ಪರಿಣಾಮ ಕೆಳಗಿನ ಅಥವಾ ಮೇಲಿನ ಮನೆಯಲ್ಲಿ ಕಾಣಿಸಬಹುದು. ಹಾಗಾಗಿ ಇತ್ತೀಚೆಗೆ ಯಾರ ಮನೆಯಲ್ಲಿ ಕೆಲಸ ನಡೆಯಿತೆಂದು ವಿಚಾರಿಸಿ.

ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಅಡ್ಡಗೆರೆ ಹಾಕಿ ದಿನಾಂಕ ಬರೆಯಿರಿ, ಅತಿ ಅಗಲವಾದ ಜಾಗವನ್ನು ಅಳೆದಿಡಿ. ಒಂದು ಮಿಲಿಮೀಟರಿನೊಳಗಿದ್ದು ಆರು ತಿಂಗಳಾದರೂ ಬೆಳೆಯದಿದ್ದರೆ ಸುಣ್ಣದ ಗಾರೆಯಿಂದ ತುಂಬಿಸಬಹುದು. ಐದು ಮಿಲಿಮೀಟರ್ ದಾಟಿದ್ದರೆ, ಅಥವಾ ಎಷ್ಟೇ ಕಿರಿದಾಗಿದ್ದರೂ ತಿಂಗಳಿಂದ ತಿಂಗಳಿಗೆ ಬೆಳೆಯುತ್ತಿದ್ದರೆ, ಎಂಜಿನಿಯರರನ್ನು ಕರೆಯಬೇಕು.

ತೊಲೆಯ ಕೆಳಗೆ ಪುಡಿ ಬೀಳುತ್ತಿದೆ

ಗುಂಡುಸೂಜಿಯ ಗಾತ್ರದ ತೂತುಗಳಿಂದ ಹಿಟ್ಟಿನಂಥ ನುಣ್ಣನೆಯ ಪುಡಿ ಉದುರಿದ್ದರೆ ಕುಟ್ಟೆ ಹುಳು. ಗೋಡೆಯ ಮೇಲೆ ಮಣ್ಣಿನ ಸುರಂಗದ ಗೆರೆ ಕಂಡರೆ ಗೆದ್ದಲು. ಒಳ್ಳೆಯ ಹಳೆಯ ತೇಗಕ್ಕೆ ಇವೆರಡೂ ಸುಲಭದಲ್ಲಿ ತಾಗುವುದಿಲ್ಲ; ನವೀಕರಣದಲ್ಲಿ ಸೇರಿಸಿದ ಪ್ಲೈವುಡ್ ಬೀರುವನ್ನು ಮೊದಲು ಪರೀಕ್ಷಿಸಿ. ಗೆದ್ದಲಿನ ಸುರಂಗವನ್ನು ಒಂದೆಡೆ ಮುರಿದು ಬಿಡಿ. ವಾರದೊಳಗೆ ಮತ್ತೆ ಕಟ್ಟಿದ್ದರೆ ಅದು ಸಕ್ರಿಯವಾಗಿದೆ. ತೊಲೆಯನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ಬಡಿದು ಕೇಳಿ, ಗೋಡೆಗೆ ಸೇರುವ ತುದಿಯಲ್ಲಿ ಮೊನೆಯಿಂದ ಒತ್ತಿ ನೋಡಿ. ಸುಲಭವಾಗಿ ಒಳಗಿಳಿದರೆ ಕೂಡಲೇ ಆಧಾರ ಕೊಡಿಸಬೇಕಾಗುತ್ತದೆ. ಮಂಕಿ ಟಾಪ್‌ಗಳನ್ನು ಮರೆಯಬೇಡಿ: ಮಳೆಗೆ ಒಡ್ಡಿಕೊಂಡ ಅವುಗಳ ಕೆಳತುದಿಯೇ ಮೊದಲು ಕೊಳೆಯುವುದು. ಔಷಧ ಹೊಡೆಯುವವರು ಗೋಡೆಯ ಬುಡದುದ್ದಕ್ಕೂ ಸುಮಾರು 30 ಸೆಂಟಿಮೀಟರಿಗೊಂದರಂತೆ ರಂಧ್ರ ಕೊರೆಯುತ್ತಾರೆ; ಹಳೆಯ ನೆಲವಿದ್ದರೆ ಎಲ್ಲಿ ಕೊರೆಯಬೇಕೆಂದು ನೀವೇ ನಿಂತು ತೋರಿಸಿ.

ಹಳೆಯ ಬಾಗಿಲಿನ ಬಣ್ಣವನ್ನು ಒಣಗಿದ್ದಾಗ ಉಜ್ಜಿಸಬೇಡಿ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸವನ್ನು 90 ಪಿಪಿಎಂಗೆ (ಹತ್ತು ಲಕ್ಷ ಭಾಗದಲ್ಲಿ 90 ಭಾಗಕ್ಕೆ) ಮಿತಗೊಳಿಸುವ ನಿಯಮ ಭಾರತದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಪದರಗಳಲ್ಲಿ ಹೆಚ್ಚು ಸೀಸವಿರಬಹುದು, ಮತ್ತು ಆ ದೂಳು ಮಕ್ಕಳಿಗೆ ವಿಷ.

ಸ್ನಾನದ ಮನೆಯಲ್ಲಿ ಚರಂಡಿಯ ವಾಸನೆ

ಬಳಸದ ಸ್ನಾನದ ಮನೆಯಾದರೆ ನಹಾನಿ ಟ್ರ್ಯಾಪಿನಲ್ಲಿ ನಿಂತು ವಾಸನೆ ತಡೆಯುವ ನೀರು ಆರಿರುತ್ತದೆ. ಒಂದು ಚೊಂಬು ನೀರು ಸುರಿಯಿರಿ. ನೀರಿದ್ದೂ ವಾಸನೆ ಬಂದರೆ, ಅಥವಾ ಒಂದು ಕಡೆ ನೀರು ಬಿಟ್ಟಾಗ ಇನ್ನೊಂದು ಕಡೆ ಗುಳುಗುಳು ಸದ್ದಾದರೆ, ಗಾಳಿ ಕೊಳವೆ ಮುಚ್ಚಿದೆ ಅಥವಾ ಹೊರಗಿನ ಹಳೆಯ ಜೇಡಿಮಣ್ಣಿನ ಪೈಪಿಗೆ ಮರದ ಬೇರು ಹೊಕ್ಕಿದೆ. ಮ್ಯಾನ್‌ಹೋಲಿನೊಳಗೆ ಯಾರನ್ನೂ ಇಳಿಸಬೇಡಿ. ಅದು ಕಾನೂನಿನ ನಿಷೇಧ ಮಾತ್ರವಲ್ಲ, ಒಂದು ಜೀವದ ಪ್ರಶ್ನೆ. ಯಂತ್ರದಿಂದ ಮಾಡಿಸಿ.

ಖರ್ಚು ಯಾರದು, ದಾಖಲೆ ಏನು

ನಿಮ್ಮ ಕಟ್ಟಡ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಅಡಿ ಘೋಷಣಾ ಪತ್ರ ಮಾಡಿಕೊಂಡಿದ್ದರೆ ತಳಪಾಯ, ತೊಲೆ, ಮುಖ್ಯ ಗೋಡೆ, ತಾರಸಿಗಳು ಸಾಮಾನ್ಯವಾಗಿ ಎಲ್ಲರಿಗೂ ಸೇರಿದವು. ತಾರಸಿ ಸೋರಿದರೆ ಮೇಲಿನ ಮನೆಯವರೊಬ್ಬರ ಮೇಲೆ ಹೊರೆ ಹಾಕುವಂತಿಲ್ಲ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯಡಿ ನೋಂದಾಯಿತ ಯೋಜನೆಯಾದರೆ, ಮನೆ ಕೈಗೆ ಬಂದ ಐದು ವರ್ಷದೊಳಗೆ ತಿಳಿಸಿದ ರಚನಾತ್ಮಕ ದೋಷವನ್ನು ನಿರ್ಮಾಪಕರು 30 ದಿನಗಳಲ್ಲಿ ಉಚಿತವಾಗಿ ಸರಿಪಡಿಸಬೇಕು. ಆದರೆ ಎಂಟಕ್ಕಿಂತ ಹೆಚ್ಚು ಫ್ಲ್ಯಾಟುಗಳಿಲ್ಲದ ಯೋಜನೆಗೆ ನೋಂದಣಿ ಕಡ್ಡಾಯವಲ್ಲ, ಮತ್ತು ವಿಂಗಡಿಸಿದ ಬಂಗಲೆಗಳಲ್ಲಿ ಹಲವು ಈ ಮಿತಿಯೊಳಗೇ ಬರುತ್ತವೆ. ಆಗ ನಿಮ್ಮ ಮಾರಾಟ ಒಪ್ಪಂದದಲ್ಲಿ ಏನು ಬರೆದಿದೆ ಎಂಬುದೇ ಮುಖ್ಯವಾಗುತ್ತದೆ. ದೂರನ್ನು ಬಾಯಿಮಾತಿನಲ್ಲಿ ಹೇಳದೆ ಬರಹದಲ್ಲಿ ಕೊಡಿ. ಕಲೆ, ಬಿರುಕುಗಳ ಫೋಟೊ ತೆಗೆಯುವಾಗ ಪಕ್ಕದಲ್ಲಿ ಅಳತೆಪಟ್ಟಿಯನ್ನೂ ಗೋಡೆಯ ಮೇಲೆ ಬರೆದ ದಿನಾಂಕವನ್ನೂ ಸೇರಿಸಿ ತೆಗೆಯಿರಿ, ಮತ್ತು ದುರಸ್ತಿ ಮುಗಿಯುವವರೆಗೆ ಆ ಪೆನ್ಸಿಲ್ ಗೆರೆಗಳನ್ನು ಯಾರೂ ಅಳಿಸದಂತೆ ನೋಡಿಕೊಳ್ಳಿ.